ಬೇಸಗೆಯ ಕೂಲಿಯೂ ಮುಂಗಾರಿನ ಬಿತ್ತನೆಯೂ

ಸುಗ್ಗಿಯ ಕಣ ಒಕ್ಕಿ, ಕಾಳು ಮನೆ ಸೇರಿ, ಹುಲ್ಲಿನ ಬಣವೆ ಒಟ್ಟಿದ ಬಳಿಕ ಬಯಲುಸೀಮೆಯ ಖುಷ್ಕಿ ಹಳ್ಳಿಗಳಲ್ಲಿ ಕೆಲಸವು ನಿಂತುಹೋಗುವುದು. ಶಿವರಾತ್ರಿಯಿಂದ ಕೃತ್ತಿಕೆ ಮಳೆಯವರೆಗೆ, ಕಾಲುವೆಯಾಗಲಿ ಬಾವಿಯಾಗಲಿ ಇಲ್ಲದ ಜಮೀನಿನಲ್ಲಿ ಆಳಿಗೆ ಕೆಲಸವಿಲ್ಲ; ಹಿಡುವಳಿದಾರನಿಗೆ ಆಳಿನ ಅಗತ್ಯವೂ ಇಲ್ಲ. ಇದೇ ಅವಧಿಯಲ್ಲಿ ಮಲೆನಾಡಿನಲ್ಲಿ ಕೆಲಸವು ತುಂಬಿರುವುದು. ಮಳೆಗಾಲದಲ್ಲಿ ಗಾಡಿಯ ಚಕ್ರ ಹೂತುಹೋಗುವ ಕಾಡುದಾರಿಗಳು ಒಣಗಿ ಗಟ್ಟಿಯಾಗುವುದು ಆಗಲೇ. ಕಡಿದ ಮರವನ್ನು ರಸ್ತೆಗೆ ತಂದು ಹಾಕುವುದಕ್ಕೆ ಅನುಕೂಲವಾದ ಕಾಲವೂ ಅದೇ. ಆದಕಾರಣ ಪ್ರತಿ ವರ್ಷವೂ ಫಾಲ್ಗುಣ ಮಾಸ ಬಂತೆಂದರೆ ಮೇಸ್ತ್ರಿಗಳು ಹಳ್ಳಿಗೆ ಬಂದು ಕಟ್ಟೆಯ ಮೇಲೆ ಕುಳಿತು ಆಳುಗಳನ್ನು ಗೊತ್ತುಮಾಡುವರು. ಗಂಡಾಳುಗಳು ಕೊಡಲಿ ಗರಗಸಗಳನ್ನೂ, ಕೆಲವು ಕಡೆ ಹೆಂಗಸರು ಮಕ್ಕಳೊಡನೆ ಪಾತ್ರೆ ಪದಾರ್ಥಗಳನ್ನೂ ಕಟ್ಟಿಕೊಂಡು ಹೊರಡುವರು.

ಇದರಲ್ಲಿ ತಪ್ಪೇನೂ ಇಲ್ಲ. ಕೈಕಟ್ಟಿ ಕುಳಿತು ಸಾಲ ಮಾಡಿ ಉಣ್ಣುವುದಕ್ಕಿಂತ ದುಡಿದು ನಾಲ್ಕು ಕಾಸು ತರುವುದು ಲೇಸು. ಆದರೆ ಹಿಡುವಳಿದಾರರು ಹೇಳುವ ದೂರು ಬೇರೆ. ಭರಣಿಯ ಮಳೆ ಬಿದ್ದು ಹೊಲ ಹದವಾಗಿದೆ, ಕೃತ್ತಿಕೆಯೂ ಕಳೆಯಿತು, ರೋಹಿಣಿ ಹುಟ್ಟಿತು, ಹೋದ ಆಳು ಮಾತ್ರ ಬರಲಿಲ್ಲ ಎಂಬುದೇ ಆ ದೂರು. ಆಳು ಬಾರದಿರುವುದು ಸೋಮಾರಿತನದಿಂದಲೂ ಅಲ್ಲ, ಊರಿನ ಮೇಲಿನ ಅಸಡ್ಡೆಯಿಂದಲೂ ಅಲ್ಲ. ಬಹುಮಟ್ಟಿಗೆ ಅವನ ಲೆಕ್ಕವು ತೀರಿರುವುದಿಲ್ಲ. ಲೆಕ್ಕ ತೀರದೆ ಅವನನ್ನು ಬಿಡುವುದಿಲ್ಲ. ಹಾಗಾದುದರಿಂದ ಬೇಸಗೆಯಲ್ಲಿ ಆಳು ಯಾವ ಕರಾರಿನ ಮೇಲೆ ಊರು ಬಿಟ್ಟನೆಂಬುದು ಆಳಿನ ವಿಚಾರ ಮಾತ್ರವೇ ಅಲ್ಲ, ಮುಂಗಾರಿನಲ್ಲಿ ಊರಿನ ಹೊಲ ಬಿತ್ತನೆಯಾಗುವುದೋ ಬೀಳುಬೀಳುವುದೋ ಎಂಬ ವಿಚಾರವೂ ಹೌದು.

ಮರ ಕಡಿಯುವ ಕೆಲಸದ ರೀತಿಯು ಹಿಂದಿನಂತೆ ಉಳಿದಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಕೆಲಸಕ್ಕೆ ತೊಡಗಿದಾಗ ಅದರ ಕುಲುಮೆಯು ಉರಿದದ್ದು ಮಲೆನಾಡಿನ ಕಾಡಿನ ಇದ್ದಲಿನಿಂದ. ಸೌದೆ ಕಡಿಯುವುದಕ್ಕೂ ಇದ್ದಲು ಸುಡುವುದಕ್ಕೂ ಆಳುಗಳು ಗುಂಪುಗುಂಪಾಗಿ ಹೋಗುತ್ತಿದ್ದರು. ಕೂಪುಗಳಲ್ಲಿ ಬಿದ್ದ ಮತ್ತಿ, ಹೊನ್ನೆ, ನಂದಿಯ ದಿಮ್ಮಿಗಳನ್ನು ಆನೆಗಳು ಎಳೆದು ಡಿಪೋ ಸೇರಿಸುತ್ತಿದ್ದುವು. ಈಗ ಆ ಕಾಲ ಹೋಯಿತು. ೧೯೮೦ರ ಅರಣ್ಯ ಸಂರಕ್ಷಣಾ ಕಾಯಿದೆಯೂ, ೧೯೯೬ರ ಡಿಸೆಂಬರ್ ೧೨ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಆಜ್ಞೆಯೂ ಬಂದ ಮೇಲೆ, ಕೇಂದ್ರ ಸರ್ಕಾರದ ಒಪ್ಪಿಗೆ ಪಡೆದ ಕಾರ್ಯಯೋಜನೆಯಿಲ್ಲದೆ ಕಾಡಿನ ಮರಕ್ಕೆ ಕೊಡಲಿ ಹಾಕುವಂತಿಲ್ಲ. ಆದುದರಿಂದ ಇಂದು ಕಡಿತದ ಕೂಲಿ ದೊರೆಯುವುದು ಹೆಚ್ಚಾಗಿ ನೆಟ್ಟು ಬೆಳೆಸಿದ ತೋಪುಗಳಲ್ಲಿ. ಅರಣ್ಯ ಇಲಾಖೆಯ ಮತ್ತು ೧೯೭೧ರಲ್ಲಿ ಸ್ಥಾಪಿತವಾದ ಅರಣ್ಯ ಅಭಿವೃದ್ಧಿ ನಿಗಮದ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಒಂದು ಬಗೆ. ರೈತರು ತಮ್ಮ ಜಮೀನಿನಲ್ಲಿ ಬೆಳೆದು ನಿಂತ ಮರವಾಗಿಯೇ ಕಂತ್ರಾಟುದಾರರಿಗೆ ಮಾರುವ ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮತ್ತೊಂದು ಬಗೆ. ಇವೆರಡರಲ್ಲಿಯೂ ಆಳನ್ನು ಇಟ್ಟುಕೊಳ್ಳುವವನು ಸಾಮಾನ್ಯವಾಗಿ ಕಂತ್ರಾಟುದಾರನೇ. ಅವನ ಕೈಕೆಳಗೆ ಮೇಸ್ತ್ರಿ, ಮೇಸ್ತ್ರಿಯ ಕೈಕೆಳಗೆ ಆಳು. ನಡುವೆ ಎಷ್ಟು ಕೈಗಳಿವೆಯೋ ಕೂಲಿಯು ಅಷ್ಟು ಕಡೆ ಸೋರುವುದುಂಟು.

ಕಡಿತವಲ್ಲದೆ ಬಯಲಿನ ಬೇರೆ ಕೆಲಸಗಳೂ ಉಂಟು. ಕಾಫಿಯ ತೋಟಗಳಲ್ಲಿ ರೊಬಸ್ಟಾ ಹಣ್ಣಿನ ಕೊಯ್ಲು ಮುಗಿಯುತ್ತ ಬಂದಂತೆ ಕರಿಮೆಣಸಿನ ಕೊಯ್ಲು ಮೊದಲಾಗುವುದು. ಅದರ ಬೆನ್ನಿಗೇ ಹಾಲುವಾಣ, ಸಿಲ್ವರ್ ಓಕ್ ಮುಂತಾದ ನೆರಳುಮರಗಳ ರೆಂಬೆ ಸವರುವ ಮರಗಸಿ ಬರುವುದು. ಅರಣ್ಯ ಇಲಾಖೆಯವರು ಬೆಂಕಿರೇಖೆಯನ್ನು ಸವರಿಸಿ, ಮೊದಲ ಮಳೆ ಬೀಳುವವರೆಗೆ ಬೆಂಕಿಕಾವಲಿಗೆಂದು ಹಂಗಾಮಿ ಆಳುಗಳನ್ನು ನೇಮಿಸುವರು. ಈ ಕಾವಲು ಹಗುರವಾದ ಕೆಲಸವೆಂದು ತಿಳಿಯಬಾರದು. ೨೦೧೭ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿಯಲ್ಲಿ ಅರಣ್ಯ ರಕ್ಷಕನೊಬ್ಬನು ಪ್ರಾಣ ಕಳೆದುಕೊಂಡನು. ೨೦೧೯ರ ಫೆಬ್ರವರಿಯಲ್ಲಿ ಅದೇ ಕಾಡಿನ ಸಾವಿರಾರು ಎಕರೆ ಸುಟ್ಟುಹೋಯಿತು. ಆದರೂ ಕಾಡಂಚಿನ ಊರಿನವರಿಗೆ ಮನೆಯ ಹತ್ತಿರವೇ ಇದ್ದುಕೊಂಡು ಮಾಡಬಹುದಾದ ಕೆಲಸವೆಂದರೆ ಇದೇ. ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಚಳಿಗಾಲ ಮುಗಿಯುವ ಮೊದಲೇ ವಿಚಾರಿಸಿದವರಿಗೆ ಅದು ಸಿಕ್ಕುವ ಸಂಭವ ಹೆಚ್ಚು.

ಇನ್ನು ಮುಂಗಡದ ವಿಷಯ. ಘಟ್ಟದ ಕೆಲಸಕ್ಕೆ ಮುಂಗಡ ಕೊಟ್ಟು ಆಳು ಹಿಡಿಯುವ ರೂಢಿಯು ಕಾಫಿಯ ತೋಟಗಳಷ್ಟೇ ಹಳೆಯದು. ೧೮೫೯ರ ೧೩ನೆಯ ಶಾಸನದ ಪ್ರಕಾರ, ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯವನನ್ನು ಸೆರೆಮನೆಗೆ ಕಳುಹಿಸಬಹುದಾಗಿತ್ತು. ಆ ಶಾಸನವು ೧೯೨೫ರಲ್ಲಿ ರದ್ದಾಯಿತು. ೧೯೭೬ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯು ನ್ಯಾಯವನ್ನು ಮೊದಲಿದ್ದುದಕ್ಕೆ ತಿರುವುಮುರುವಾಗಿ ನಿಲ್ಲಿಸಿತು. ಮುಂಗಡದ ಸಾಲ ತೀರಲಿಲ್ಲವೆಂದು ಒಬ್ಬನನ್ನು ಬಲವಂತದಿಂದ ದುಡಿಸುವವನೇ ಈಗ ಅಪರಾಧಿ. ಅಂಥ ಸಾಲವೂ ಕಾಯಿದೆಯ ದೃಷ್ಟಿಯಲ್ಲಿ ಸತ್ತುಹೋದ ಸಾಲ. ಆಳು ಹೀಗೆ ಸಿಕ್ಕಿಬಿದ್ದನೆಂದು ತಿಳಿದರೆ ಊರಿನ ಯಜಮಾನರು ತಹಸೀಲ್ದಾರರಿಗಾಗಲಿ ಜಿಲ್ಲಾಧಿಕಾರಿಗಾಗಲಿ ಬರೆದು ತಿಳಿಸತಕ್ಕದ್ದು.

ಆದರೆ ಈ ದೋಷವನ್ನೆಲ್ಲ ಮೇಸ್ತ್ರಿಯ ತಲೆಗೇ ಕಟ್ಟುವುದು ನ್ಯಾಯವಾಗಲಾರದು. ಮದುವೆಗೋ ತಿಥಿಗೋ ಊರಿನ ಧಣಿಯಿಂದ ತಂದ ಸಾಲಕ್ಕೆ ಯುಗಾದಿಯೊಳಗೆ ಬಡ್ಡಿ ಕಟ್ಟಬೇಕೆಂಬ ಒತ್ತಾಯ ಬಂದಾಗಲೇ ಆಳು ಮೇಸ್ತ್ರಿಯ ಕೈಯಿಂದ ಹೆಚ್ಚು ಮುಂಗಡ ತೆಗೆದುಕೊಳ್ಳುವುದು. ಮುಂಗಡ ಹೆಚ್ಚಾದಷ್ಟೂ ತಿರುಗಿ ಬರುವ ದಿನ ದೂರವಾಗುವುದು. ಬೇಸಗೆಯ ವಸೂಲಿಗೆ ಅವಸರಪಡಿಸಿದ ಧಣಿಯೇ ಜ್ಯೇಷ್ಠದಲ್ಲಿ ಆಳಿಲ್ಲವೆಂದು ಗೊಣಗುವುದನ್ನು ಎಷ್ಟೋ ಹಳ್ಳಿಗಳಲ್ಲಿ ಕಾಣಬಹುದು.

ಮುಂಗಡಕ್ಕಿಂತಲೂ ಹೆಚ್ಚು ಮೋಸ ನಡೆಯತಕ್ಕದ್ದು ಅಳತೆಯಲ್ಲಿ. ದಿನಗೂಲಿಯಾದರೆ ದಿನಗಳನ್ನು ಎಣಿಸಿದರೆ ಸಾಕು. ಆದರೆ ಕಡಿತದ ಕೆಲಸವು ಬಹಳ ಕಡೆ ಗುತ್ತಿಗೆಯ ಲೆಕ್ಕದಲ್ಲಿ ನಡೆಯುವುದು. ಟನ್ನಿಗೆ ಇಷ್ಟು, ಇಲ್ಲವೆ ಘನ ಮೀಟರಿಗೆ ಇಷ್ಟು ಎಂದು ದರ ಗೊತ್ತಾಗಿರುವುದು. ಕಾಗದದ ಕಾರ್ಖಾನೆಗೆ ಹೋಗುವ ನೀಲಗಿರಿ, ಅಕೇಶಿಯಾಗಳನ್ನು ತೂಕದಿಂದ ಕೊಳ್ಳುವರು. ಆಗತಾನೆ ಕಡಿದ ನೀಲಗಿರಿಯ ತೂಕದಲ್ಲಿ ಅರ್ಧಕ್ಕೆ ಸಮೀಪವಾಗಿ ನೀರೇ ಇರುವುದು. ಕಡಿದು, ತೊಗಟೆ ಸುಲಿದು, ಚೈತ್ರದ ಬಿಸಿಲಿನಲ್ಲಿ ಬಿಟ್ಟರೆ ಆ ನೀರು ದಿನದಿನಕ್ಕೂ ಆರಿಹೋಗುವುದು. ಆರು ಮಂದಿಯ ಒಂದು ಗುಂಪು ಹತ್ತು ಟನ್ನು ಹಸಿಮರವನ್ನು ಕಡಿದು ಒಟ್ಟಿತೆಂದು ಇಟ್ಟುಕೊಳ್ಳೋಣ. ಲಾರಿ ಬರಲಿಲ್ಲ, ತೂಕದ ಕಾಟಾ ಕೆಟ್ಟಿದೆ, ನಾಳೆ ನಾಡಿದ್ದು ಎಂದು ದಿನ ತಳ್ಳಿ ಕೊನೆಗೆ ತೂಗಿದಾಗ ಎಂಟೇ ಟನ್ನು ಬಂದರೆ, ಎರಡು ಟನ್ನಿನ ಕೂಲಿಯು ಬಿಸಿಲಿನ ಪಾಲಾಯಿತು. ಮರ ಕಡಿದ ಶ್ರಮ ಮಾತ್ರ ಹತ್ತು ಟನ್ನಿನದೇ. ಇದರಲ್ಲಿ ಯಾರೂ ಕಾಟಾದ ಕಲ್ಲನ್ನು ಬದಲಿಸಬೇಕಾದುದಿಲ್ಲ. ಸುಮ್ಮನೆ ತಡಮಾಡಿದರೆ ಸಾಕು. ಆದುದರಿಂದ ಕಡಿದ ಎಷ್ಟನೆಯ ದಿನದೊಳಗೆ ತೂಕವಾಗಬೇಕೆಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು. ತೂಕ ತಡವಾದರೆ ಒಟ್ಟಿದ ಅಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಅಳೆದು ಅದರ ಮೇಲೆ ಕೂಲಿ ಕೊಡುವಂತೆಯೂ ಮಾತಾಡಿಕೊಳ್ಳಬಹುದು. ಅಟ್ಟಿಯು ಒಣಗಿದರೂ ಅಷ್ಟಾಗಿ ಕುಗ್ಗುವುದಿಲ್ಲ.

ದಿಮ್ಮಿಗಳ ಅಳತೆಯಲ್ಲಿ ಇನ್ನೊಂದು ತೊಡಕುಂಟು. ದಿಮ್ಮಿಯ ನಡುವಿನ ಸುತ್ತಳತೆಯ ನಾಲ್ಕನೆಯ ಒಂದು ಪಾಲನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸುವುದು ಮರದ ವ್ಯಾಪಾರದಲ್ಲಿ ಹಳೆಯ ಪದ್ಧತಿ. ಸುತ್ತಳತೆ ೧.೨೦ ಮೀಟರು, ಉದ್ದ ೩ ಮೀಟರು ಇರುವ ದಿಮ್ಮಿಗೆ ಈ ಲೆಕ್ಕದಲ್ಲಿ ೦.೨೭ ಘನ ಮೀಟರು ಬರುವುದು. ಆದರೆ ಆ ದುಂಡುಮರದ ನಿಜವಾದ ಗಾತ್ರವು ೦.೩೪ ಘನ ಮೀಟರಿಗೂ ತುಸು ಮೇಲೆ. ಎಂದರೆ ನೂರಕ್ಕೆ ಇಪ್ಪತ್ತೊಂದಕ್ಕಿಂತಲೂ ಹೆಚ್ಚು ಪಾಲು ಲೆಕ್ಕಕ್ಕೆ ಬಾರದೆ ಹೋಗುವುದು. ಗರಗಸದಲ್ಲಿ ಚಚ್ಚೌಕ ಮಾಡುವಾಗ ಬೀಳುವ ಹೊರಪಟ್ಟಿಯನ್ನು ಬಿಟ್ಟು ಲೆಕ್ಕ ಹಾಕುವುದಕ್ಕಾಗಿ ಏರ್ಪಟ್ಟ ಪದ್ಧತಿಯಾದ್ದರಿಂದ ಕೊಳ್ಳುವ ವ್ಯಾಪಾರಿಗೆ ಇದು ಸರಿಯೇ. ಕಡಿಯುವವನ ದರವೂ ಇದೇ ಅಳತೆಯ ಮೇಲೆ ನಿಂತಿದ್ದರೆ ಅವನಿಗೂ ಅನ್ಯಾಯವಿಲ್ಲ. ಒಂದು ಅಳತೆಯಲ್ಲಿ ದರ ಹೇಳಿ ಮತ್ತೊಂದು ಅಳತೆಯಲ್ಲಿ ಕೂಲಿ ಎಣಿಸುವುದೇ ಮೋಸ. ಓದುಬರಹ ಬಲ್ಲ ಒಬ್ಬ ಹುಡುಗನು ಟೇಪು ಹಿಡಿದು ಗುಂಪಿನೊಡನೆ ಹೋದರೆ ಈ ಮೋಸಕ್ಕೆ ಎಡೆಯಿರುವುದಿಲ್ಲ. ಅಂಥ ಹುಡುಗನ ಕೂಲಿಯನ್ನು ಉಳಿದವರು ಹಂಚಿಕೊಂಡು ಕೊಟ್ಟರೂ ನಷ್ಟವಿಲ್ಲ.

ಮರ ಬೀಳಿಸುವ ಕ್ರಮವನ್ನು ಅನುಭವಿಗಳಿಗೆ ಹೇಳಬೇಕಾದುದಿಲ್ಲ. ಆದರೆ ಬಯಲುಸೀಮೆಯಿಂದ ಹೊಸದಾಗಿ ಹೋಗುವವರಲ್ಲಿ ಅನೇಕರು ಜಾಲಿಯ ಸೌದೆಯನ್ನು ಬಿಟ್ಟು ಬೇರೆ ಮರ ಕಡಿದವರಲ್ಲ. ಮರಕ್ಕೆ ಸುತ್ತಿದ ಬಳ್ಳಿಗಳನ್ನು ಮುಂಚೆಯೇ ಕತ್ತರಿಸಬೇಕು, ಇಲ್ಲವಾದರೆ ಬೀಳುವ ಮರವು ಪಕ್ಕದ ಮರದ ಕೊಂಬೆಯನ್ನು ಎಳೆದುಕೊಂಡು ಬೀಳುವುದು. ಬೀಳಬೇಕಾದ ದಿಕ್ಕಿನಲ್ಲಿ ಕಾಂಡದ ನಾಲ್ಕನೆಯ ಒಂದು ಪಾಲಿನಷ್ಟು ಕಚ್ಚು ಹಾಕಿ, ಹಿಂದಿನಿಂದ ಅದಕ್ಕಿಂತ ಸ್ವಲ್ಪ ಮೇಲೆ ಕೊಯ್ಯಬೇಕು. ನಡುವೆ ಬಾಗಿಲಿನ ಕೀಲಿನಂತೆ ಒಂದಿಷ್ಟು ಮರವನ್ನು ಉಳಿಸಿದರೆ ಮರವು ದಿಕ್ಕು ತಪ್ಪದು. ಓಡುವ ದಾರಿಯನ್ನು ಮೊದಲೇ ಸವರಿಟ್ಟಿರಬೇಕು, ಅದೂ ನೇರ ಹಿಂದಕ್ಕಲ್ಲ, ಓರೆಯಾಗಿ ಹಿಂದಕ್ಕೆ. ಏಕೆಂದರೆ ಬುಡವು ಒಮ್ಮೊಮ್ಮೆ ಹಿಂದಕ್ಕೆ ಹಾರುವುದು. ಮರದ ಎತ್ತರದ ಎರಡರಷ್ಟು ದೂರದೊಳಗೆ ಬೇರೆ ಯಾರೂ ಇರಕೂಡದು, ಮಕ್ಕಳಂತೂ ಕೂಡದೇ ಕೂಡದು. ಯಂತ್ರದ ಗರಗಸ ಬಂದ ಮೇಲೆ ಕೆಲಸ ಬೇಗ ಸಾಗುವುದು ನಿಜ. ಅದರ ಸದ್ದಿನಲ್ಲಿ ಕೂಗಿದ ಎಚ್ಚರಿಕೆ ಕೇಳಿಸದೆ ಹೋಗುವುದೂ ನಿಜ. ಕಾಫಿಯ ತೋಟಗಳಲ್ಲಿಯ ಅಪಾಯವು ಇನ್ನೊಂದು ತೆರ. ಮೆಣಸು ಕೊಯ್ಯುವುದಕ್ಕೂ ಮರಗಸಿಗೂ ಬಿದಿರಿನ ಏಣಿಯ ಬದಲು ಹಗುರವಾದ ಅಲ್ಯೂಮಿನಿಯಂ ಏಣಿಯನ್ನು ಬಳಸುವುದು ಈಚೆಗೆ ಹೆಚ್ಚಿದೆ. ಅದನ್ನು ಒಂದು ಮರದಿಂದ ಮತ್ತೊಂದಕ್ಕೆ ನಿಲ್ಲಿಸಿಕೊಂಡೇ ಒಯ್ಯುವಾಗ ತೋಟದ ಮೇಲೆ ಹಾದುಹೋದ ವಿದ್ಯುತ್ ತಂತಿಗೆ ತಗುಲಿ ಆಳುಗಳು ಸತ್ತಿರುವ ಸುದ್ದಿಯು ಮಲೆನಾಡಿನ ಜಿಲ್ಲೆಗಳಿಂದ ಪದೇ ಪದೇ ಬರುವುದು. ತಂತಿಯಿರುವ ಕಡೆ ಏಣಿಯನ್ನು ಮಲಗಿಸಿ ಒಯ್ಯಿರೆಂದು ಹೇಳಿ ಕಳುಹಿಸುವುದಕ್ಕೆ ಖರ್ಚೇನೂ ಇಲ್ಲ. ಕೆಲಸದಲ್ಲಿ ಪೆಟ್ಟಾದವರಿಗೆ ನಷ್ಟಪರಿಹಾರ ಕೊಡಿಸುವ ಕಾನೂನು ಈ ದೇಶದಲ್ಲಿ ೧೯೨೩ರಿಂದಲೂ ಇದ್ದು, ಈಗ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಆದರೆ ಆಳು ಯಾರ ಕೆಲಸದಲ್ಲಿದ್ದನೆಂಬುದಕ್ಕೆ ಒಂದು ಚೀಟಿಯಾದರೂ ಇಲ್ಲದಿದ್ದರೆ ಪರಿಹಾರವನ್ನು ಕೇಳುವುದು ಯಾರಲ್ಲಿ?

ಯಾವ ಮರ ಕಡಿಯುವುದಕ್ಕೆ ಕರೆದುಕೊಂಡು ಹೋಗುವರೆಂಬುದನ್ನು ತಿಳಿಯದೆ ಹೊರಡುವುದು ಎಲ್ಲಕ್ಕಿಂತಲೂ ದೊಡ್ಡ ಅಪಾಯ. ೨೦೧೫ರ ಏಪ್ರಿಲ್ ೭ರಂದು ಆಂಧ್ರದ ಶೇಷಾಚಲದ ಕಾಡಿನಲ್ಲಿ ರಕ್ತಚಂದನದ ಕಳ್ಳಸಾಗಣೆಯ ಆರೋಪದ ಮೇಲೆ ಪೋಲೀಸರ ಗುಂಡಿಗೆ ತಮಿಳುನಾಡಿನ ಇಪ್ಪತ್ತು ಮಂದಿ ಬಲಿಯಾದರು. ತಿರುವಣ್ಣಾಮಲೈ, ಧರ್ಮಪುರಿ ಮುಂತಾದ ಜಿಲ್ಲೆಗಳ ಬಡ ಕೂಲಿಗಾರರಲ್ಲದೆ ಅವರಲ್ಲಿ ಮರದ ಲಾಭ ಉಣ್ಣುವವರು ಯಾರೂ ಇರಲಿಲ್ಲ. ದಿನದ ದರಕ್ಕಿಂತ ಹಲವು ಪಟ್ಟು ಹೆಚ್ಚು ಕೂಲಿ ಹೇಳುವವನನ್ನೂ, ಹೋಗುವ ಊರಿನ ಹೆಸರು ಹೇಳದವನನ್ನೂ, ರಾತ್ರಿ ಕೆಲಸವೆನ್ನುವವನನ್ನೂ ನಂಬಿ ಆಳನ್ನು ಕಳುಹಿಸಕೂಡದು. ಸರ್ಕಾರಿ ಕಾಡಿನಲ್ಲಿ ಕಡಿಯತಕ್ಕ ಮರದ ಬುಡದ ಮೇಲೆ ಇಲಾಖೆಯ ಸುತ್ತಿಗೆಯ ಮುದ್ರೆ ಇರುವುದು. ಮುದ್ರೆಯಿಲ್ಲದ ಮರಕ್ಕೆ ಕೊಡಲಿ ತಾಗಿಸಲಾಗದೆಂದು ಆಳು ಧೈರ್ಯವಾಗಿ ಹೇಳಬಹುದು. ಖಾಸಗಿ ಜಮೀನಿನಲ್ಲಿಯಾದರೂ ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ನೀಲಗಿರಿ, ಸರ್ವೆ ಮೊದಲಾದ ಕೆಲವು ಜಾತಿಗಳನ್ನು ಬಿಟ್ಟು ಉಳಿದ ಮರಗಳಿಗೆ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಶ್ರೀಗಂಧ, ಬೀಟೆಗಳ ಮಾತಂತೂ ಹೇಳಬೇಕಾದುದಿಲ್ಲ. ತಮ್ಮ ಜಮೀನಿನ ಮರವನ್ನು ಮಾರುವ ಹಿಡುವಳಿದಾರರು ಈ ಅಪ್ಪಣೆಯನ್ನೂ ಸಾಗಣೆಯ ರಹದಾರಿಯನ್ನೂ ತಾವೇ ನೋಡಿಕೊಳ್ಳದೆ ಕಂತ್ರಾಟುದಾರನ ಮೇಲೆ ಬಿಟ್ಟರೆ, ಹಿಡಿದಾಗ ಮೊದಲು ಸಿಕ್ಕುವವನು ಕೊಡಲಿ ಹಿಡಿದ ಕೂಲಿಯವನೇ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಸೀಮೆಗಳ ಕಾಡಿಗೆ ಹೋಗುವವರಿಗೆ ಮಂಗನ ಕಾಯಿಲೆಯ ವಿಷಯವನ್ನು ತಿಳಿಸಿಯೇ ಕಳುಹಿಸಬೇಕು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ಜ್ವರವು ಮಲೆನಾಡಿಗರು ಉಣುಗು ಎಂದು ಕರೆಯುವ ಉಣ್ಣೆಯ ಕಡಿತದಿಂದ ಬರುವುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಎಂದರೆ ಸರಿಯಾಗಿ ಕಡಿತದ ಹಂಗಾಮಿನಲ್ಲಿಯೇ ಇದರ ಹಾವಳಿ. ದಕ್ಷಿಣ ಕನ್ನಡದಲ್ಲಿ ೧೯೮೨ರಿಂದ ೧೯೮೪ರವರೆಗೆ ನೂರಾರು ಮಂದಿಗೆ ಈ ಕಾಯಿಲೆ ತಗುಲಿದ್ದು ತೋಟಕ್ಕಾಗಿ ಕಾಡು ಸವರಿದ ಬಳಿಕ. ತರಗೆಲೆಯ ಮೇಲೆ ಕೂರುವುದು, ಮಲಗುವುದು ಕೂಡದು. ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದಲ್ಲಿ ಕೊಡುವ ಉಣ್ಣೆಯ ತೈಲವನ್ನು ಹಚ್ಚಿಕೊಂಡು ಕಾಡಿಗೆ ಹೋಗಬೇಕು. ಸಂಜೆ ಬಿಸಿನೀರಿನಲ್ಲಿ ಮೈತೊಳೆದು ಬಟ್ಟೆಯನ್ನು ಕುದಿಸಬೇಕು. ಸತ್ತ ಮಂಗವನ್ನು ಮುಟ್ಟದೆ ಸಮೀಪದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹಿಂದೆ ಹಾಕುತ್ತಿದ್ದ ಲಸಿಕೆಯನ್ನು ಪರಿಣಾಮ ಸಾಲದೆಂದು ನಿಲ್ಲಿಸಿರುವುದರಿಂದ ಈ ಎಚ್ಚರಿಕೆಗಳಿಗೆ ಬೆಲೆ ಹೆಚ್ಚು. ಕಡಿತವಾಗಿ ಮೂರರಿಂದ ಎಂಟು ದಿನಗಳ ಮೇಲೆ ಜ್ವರ ಕಾಣಿಸಿಕೊಳ್ಳುವುದು. ಆ ವೇಳೆಗೆ ಆಳು ಬಯಲುಸೀಮೆಯ ತನ್ನ ಊರಿಗೆ ಬಂದಿದ್ದರೆ ಅಲ್ಲಿಯ ವೈದ್ಯರು ಸಾಮಾನ್ಯ ಜ್ವರವೆಂದೇ ಎಣಿಸಬಹುದು. ಮಲೆನಾಡಿನ ಕಾಡಿನಿಂದ ಬಂದವನೆಂದು ವೈದ್ಯರಿಗೆ ಮೊದಲು ಹೇಳತಕ್ಕದ್ದು.

ಇಷ್ಟೆಲ್ಲ ಕಷ್ಟಪಟ್ಟು ಎಲ್ಲರೂ ಘಟ್ಟಕ್ಕೇ ಹೋಗಬೇಕೆ? ಊರಿನಲ್ಲಿಯೇ ಬೇಸಗೆಯ ಕೆಲಸ ಇಲ್ಲದಿಲ್ಲ, ಹೂಡುವವರು ಬೇಕು. ಹುಣಸೆ ಬಡಿದು ಸಿಪ್ಪೆ ಬೀಜ ತೆಗೆಯುವುದು, ಹೊಂಗೆಯ ಮತ್ತು ಬೇವಿನ ಬೀಜ ಆಯುವುದು ಹೆಂಗಸರಿಗೂ ಮುದುಕರಿಗೂ ಆಗುವ ಕೆಲಸ. ಕೆರೆ ಬತ್ತಿದಾಗ ಅದರ ಗೋಡನ್ನು ಹೊಲಕ್ಕೆ ಹೊಡೆಸುವ ಹಳೆಯ ಪದ್ಧತಿಯನ್ನು ಹಲವು ಊರುಗಳು ಬಿಟ್ಟಿವೆ. ಕೆರೆಗೂ ಹೊಲಕ್ಕೂ ಒಟ್ಟಿಗೆ ಲಾಭ ತರುವ ಇಂಥ ಕೆಲಸ ಮತ್ತೊಂದಿಲ್ಲ. ೨೦೦೫ರ ಕಾಯಿದೆಯು ಹಳ್ಳಿಯ ಪ್ರತಿ ಕುಟುಂಬಕ್ಕೆ ವರ್ಷಕ್ಕೆ ೧೦೦ ದಿನಗಳ ಕೂಲಿಯನ್ನು ಖಾತರಿ ಮಾಡಿತ್ತು. ಅದರ ಬದಲಿಗೆ ೨೦೨೫ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯಿದೆಯು ೧೨೫ ದಿನಗಳನ್ನು ಹೇಳುವುದಲ್ಲದೆ, ಬಿತ್ತನೆ ಕೊಯ್ಲುಗಳ ಹೊತ್ತಿನಲ್ಲಿ ಒಟ್ಟು ೬೦ ದಿನಗಳವರೆಗೆ ಕೆಲಸವನ್ನು ನಿಲ್ಲಿಸಲು ರಾಜ್ಯಗಳಿಗೆ ಅವಕಾಶ ಕೊಡುವುದು. ಹಾಗಾದ ಮೇಲೆ ಬದು ಹಾಕುವುದು, ಕೆರೆಯ ಹೂಳೆತ್ತುವುದು ಮುಂತಾದ ಕೆಲಸಗಳನ್ನು ಬೇಸಗೆಯಲ್ಲಿಯೇ ಹಿಡಿಯುವಂತೆ ಪಂಚಾಯತಿಯಲ್ಲಿ ಮೊದಲೇ ಗೊತ್ತುಮಾಡಿಸುವುದು ಹಿಡುವಳಿದಾರರಿಗೂ ಹಿತ.

ಪಟೇಲರ ವಂಶಪಾರಂಪರ್ಯದ ಅಧಿಕಾರವು ೧೯೬೧ರ ಕಾಯಿದೆಯಿಂದ ಮುಗಿದಿದ್ದರೂ ಊರಿನ ಹಿರಿಯರ ಎದುರಿನಲ್ಲಿ ಆಡಿದ ಮಾತಿಗೆ ಹಳ್ಳಿಯಲ್ಲಿ ಇಂದಿಗೂ ತೂಕವುಂಟು. ಮೇಸ್ತ್ರಿಯು ಆಳು ಗೊತ್ತುಮಾಡುವ ದಿನ ಅವನನ್ನು ಚಾವಡಿಗೋ ಪಂಚಾಯತಿಯ ಕಟ್ಟಡಕ್ಕೋ ಕರೆಸಿ, ಒಂದು ಪುಸ್ತಕದಲ್ಲಿ ಆಳಿನ ಹೆಸರು, ಮೇಸ್ತ್ರಿಯ ಮತ್ತು ಕಂತ್ರಾಟುದಾರನ ಹೆಸರು, ದೂರವಾಣಿಯ ಸಂಖ್ಯೆ, ಹೋಗುವ ಊರು ಮತ್ತು ತೋಪು, ಕೊಟ್ಟ ಮುಂಗಡ, ದರ, ಅಳತೆಯ ಬಗೆ, ತೂಕವಾಗಬೇಕಾದ ದಿನ ಇವನ್ನು ಬರೆಸತಕ್ಕದ್ದು. ರೋಹಿಣಿ ಮಳೆಯು ಸಾಮಾನ್ಯವಾಗಿ ಮೇ ೨೫ರ ಸುಮಾರಿಗೆ ಹುಟ್ಟುವುದು. ಅದಕ್ಕಿಂತ ಒಂದು ವಾರ ಮುಂಚೆ ಲೆಕ್ಕ ತೀರಿಸಿ ಆಳನ್ನು ಕಳುಹಿಸಿಕೊಡಬೇಕೆಂದು ಕೊನೆಯಲ್ಲಿ ಬರೆದು, ಮೇಸ್ತ್ರಿಯ ರುಜು ಹಾಕಿಸಿ, ಅದೇ ಪುಟದ ಒಂದು ನಕಲನ್ನು ಆಳಿನ ಮನೆಯಲ್ಲಿ ಉಳಿಯುವವರ ಕೈಗೆ ಕೊಡತಕ್ಕದ್ದು.